ಎರೆಹುಳಕ್ಕೆ ಚಂದ್ರಿಕೆ

ರಾಮನಗರದ ರಸ್ತೆ ಅಗಲ ಮಾಡುವಾಗ ಕಂಟ್ರಾಕ್ಟರು ಉಳಿದ ಜಲ್ಲಿಪುಡಿಯನ್ನೆಲ್ಲ ನಮ್ಮ ಶಾಲೆಯ ಕೈತೋಟಕ್ಕೆ ಸುರಿದು ಹೋದ. ಅವನನ್ನು ಬಾಯಿ ನೋಯುವಷ್ಟು ಬೈದೆ. ಆಮೇಲೆ ಹಾಳಾದ ಮಣ್ಣಿಗೆ ಗೊಬ್ಬರವಾದರೂ ಆಗಲೆಂದು ನನ್ನ ಐದನೇ ಕ್ಲಾಸಿನ ಮಕ್ಕಳನ್ನು ಕಟ್ಟಿಕೊಂಡು ಗುಂಡಿ ತೆಗೆಸಿ, ಒಣಗಿದ ಎಲೆ, ತರಕಾರಿ ಸಿಪ್ಪೆ, ಸಗಣಿ ತುಂಬಿಸಿ, ಎರೆಹುಳ ಬಿಡಿಸಿದೆ.

"ಇವು ಕಸ ತಿಂದು ಗೊಬ್ಬರ ಮಾಡ್ತವೆ. ಚೆನ್ನಾಗಿ ನೋಡ್ಕೊಳ್ಳಿ" ಎಂದೆ.

ಚೆನ್ನಾಗಿಯೇ ನೋಡಿಕೊಂಡರು. ಅವರಲ್ಲೊಬ್ಬಳಾದ ಭಾನುಪ್ರಿಯಳ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಅವಳ ಚಿಕ್ಕಪ್ಪ ಗೂಡನ್ನು ಒಳಗಿನ ಹುಳದ ಸಮೇತ ಬೇಯಿಸಿ ನೂಲು ತೆಗೆಯುತ್ತಾನೆ. ಅವಳು ದಿನಾ ಹಿಪ್ಪುನೇರಳೆ ಸೊಪ್ಪು ತಂದು, ಸಣ್ಣಗೆ ಹೆಚ್ಚಿ ಎರೆಹುಳಕ್ಕೆ ಹಾಕಿದಳು. ರೇಷ್ಮೆ ಹುಳದ ಮನೆಯಲ್ಲಿ ಮಾಡುವಂತೆ ಗುಂಡಿಯ ಹತ್ತಿರ ಎಲ್ಲರ ಚಪ್ಪಲಿ ಬಿಡಿಸಿದಳು. ನನ್ನದನ್ನೂ ಬಿಡಿಸಿದಳು.

ಒಂದು ಸೋಮವಾರ ತನಗಿಂತ ದೊಡ್ಡದಾದ ಬಿದಿರಿನ ಚಂದ್ರಿಕೆಯನ್ನು ತಲೆ ಮೇಲೆ ಹೊತ್ತು ಬಂದಳು. ರೇಷ್ಮೆ ಹುಳ ಗೂಡು ಕಟ್ಟಲೆಂದು ಬಿಡುವ ತಟ್ಟೆ ಅದು.

"ಮಿಸ್, ನಮ್ ಹುಳ ಹಣ್ಣಾದಂಗವೆ. ಗೂಡು ಕಟ್ಟಕ್ಕೆ ಬುಡಾನ."

"ಅಯ್ಯೋ ನಿನ್ನ! ಇಷ್ಟು ದಿನ ನಾನು ಹೇಳ್ಕೊಟ್ಟಿದ್ದು ಏನೇ? ಎರೆಹುಳ ಗೂಡು ಕಟ್ಟಲ್ಲ ಕಣೇ!" ಎಂದು ರೇಗಿದೆ. ಮಕ್ಕಳೆಲ್ಲ ನಕ್ಕರು.

ಅವಳು ನಗಲಿಲ್ಲ. ಚಂದ್ರಿಕೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು.

"ಯಾವತ್ತೂ ಕಟ್ಟಲ್ವಾ ಮಿಸ್?"

"ಯಾವತ್ತೂ ಇಲ್ಲ."

"ಅಂಗಾರೆ ಇವನ್ನ ಯಾರೂ ಬೇಯ್ಸಲ್ಲ, ಅಲ್ವಾ?"

ನನ್ನ ಸಿಟ್ಟು ಎಲ್ಲಿ ಹೋಯಿತೋ. "ಇಲ್ಲ ಕಂದಾ" ಎಂದೆ.

ಅವಳು ತಂದಿದ್ದ ಸೊಪ್ಪನ್ನೆಲ್ಲ ಗುಂಡಿಗೆ ಸುರಿದು, ಬಗ್ಗಿ ಪಿಸುಗುಟ್ಟಿದಳು: "ನಿಧಾನಕ್ಕೆ ತಿನ್ರಪ್ಪಾ."