ದುರ್ಗಾಳ ನಾಲ್ಕನೆಯ ಗ್ರಂಥಿ

"ಮೂರು ಸಿಕ್ಕಿದ್ವು ದುರ್ಗಕ್ಕಾ, ನಾಲ್ಕನೇದು ಎಲ್ಲಿ ಅಡಗಿ ಕೂತಿದೆಯೋ ಕಾಣೆ," ಎಂದರು ಡಾಕ್ಟರ್ ಪೂರ್ಣಿಮಾ, ಲೋಳೆ ಬಳಿದ ಕುತ್ತಿಗೆಯ ಮೇಲೆ ಸ್ಕ್ಯಾನಿಂಗಿನ ಹಿಡಿಯನ್ನು ಆಡಿಸುತ್ತ.

ದುರ್ಗಾಳಿಗೆ ನಗು ಬಂತು. ಬೈತಖೋಲ ಬಂದರಿನಲ್ಲಿ ಇಪ್ಪತ್ತು ವರ್ಷ ಮೀನು ಕೂಗಿ ಮಾರಿದ ಗಂಟಲಿನೊಳಗೆ ಕಳ್ಳರು ಸೇರಿಕೊಂಡಿದ್ದಾರಲ್ಲ! ಎಲ್ಲರ ಕುತ್ತಿಗೆಯಲ್ಲೂ ಅಕ್ಕಿಕಾಳಿನಷ್ಟಿರುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು, ಅವಳ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಶುರುವಾದ ಮೇಲೆ ಅವರೆಕಾಳಿನಷ್ಟು ಉಬ್ಬಿ, ಎಲುಬಿನ ಸುಣ್ಣವನ್ನೆಲ್ಲ ಹೀರುತ್ತಿದ್ದವು. ಮೀನಿನ ಬುಟ್ಟಿ ಎತ್ತುವುದಿರಲಿ, ಮಣೆಯಿಂದ ಏಳುವುದೇ ಕಷ್ಟ. ನಾಲ್ಕೂ ಎಲ್ಲಿವೆಯೆಂದು ಗೊತ್ತಾದರೆ ಮುಂದಿನ ವಾರವೇ ಆಪರೇಷನ್. ಇಲ್ಲವಾದರೆ ಮಂಗಳೂರಿಗೆ ಹೋಗಿ ಬೇರೆ ಸ್ಕ್ಯಾನ್, ಮತ್ತೆ ತಿಂಗಳುಗಟ್ಟಲೆ ನೋವು.

"ಕತ್ತಿನ ಬುಡದ ಎಲುಬಿನ ಹಿಂದೆ ಜಾರಿರಬೇಕು. ಒಮ್ಮೆ ಉಗುಳು ನುಂಗಿ. ಮೇಲೆ ಬಂದ್ರೆ ಹಿಡೀತೇನೆ."

"ಉಗುಳು ಎಲ್ಲಿಂದ ತರೂದು ಡಾಕ್ಟ್ರಬಾಯಿ? ದಿನಕ್ಕೆ ಅರ್ಧ ಬಾಟ್ಲಿ ನೀರು ಹೇಳಿ ಅಳ್ದು ಇಟ್ಟೀರಿ. ಗಂಟ್ಲು ಒಣಮೀನಾಗಿದೆ!"

ನರ್ಸ್ ಒಂದು ಚಮಚೆ ನೀರು ತರಲು ಓಡಿದಳು. ಸ್ಟೂಲಿನ ಮೇಲಿದ್ದ ಗಂಡ ಬೊಮ್ಮಯ್ಯನಿಗೆ ಅಷ್ಟು ತಾಳ್ಮೆಯೆಲ್ಲಿ?

"ದುರ್ಗಾ, ನಿನ್ನೆ ತಾಜಾ ಬಂಗಡೆ ತಂದಿದ್ದೆ. ಕಾಯಿ, ಕೆಂಪು ಮೆಣಸು ನುಣ್ಣಗೆ ಕಡ್ದು, ಮಾವಿನಕಾಯಿ ಹೋಳು ಹಾಕಿ, ಕುದಿ ಬರೂವಾಗ..."

ಒಣಗಿದ್ದ ನಾಲಿಗೆಯ ಅಡಿಯಲ್ಲಿ ಒರತೆಯೆದ್ದಿತು.

"ಸುಮ್ನಿರಿ ಅಂದೆ!"

"ನೀವು ಮಾತಾಡಬೇಡಿ! ಬೊಮ್ಮಯ್ಯ, ಮುಂದೆ ಹೇಳಿ," ಎಂದರು ಡಾಕ್ಟರ್.

"ಮುಂದೆಂತ, ಸಾಸ್ವೆ ಒಗ್ಗರಣೆ ಕೊಟ್ಟೆ."

ಕಡಲತಡಿಯ ಬೇಲೆಕೇರಿಯಲ್ಲಿ ಹುಟ್ಟಿದವಳ ಮುಂದೆ ಬಂಗಡೆ ಸಾರಿಗೆ ಒಗ್ಗರಣೆಯ ಮಾತೇ! ಮೇಲಿಂದ ಹಸಿ ತೆಂಗಿನೆಣ್ಣೆ ಹನಿಸಿ ಮುಚ್ಚಿಡುವ ಮನೆತನ ಅವಳದು. ದುರ್ಗಾಳ ಕಣ್ಣು ಕೆಂಪಾಯಿತು. ಆದರೆ ಬೈಯಬೇಕೆಂದರೆ ಮೊದಲು ತುಂಬಿದ ಬಾಯಿ ಖಾಲಿಯಾಗಬೇಕಲ್ಲ, ಗುಟುಕ್ಕನೆ ನುಂಗಿದಳು.

"ಬಂತು! ಬಂತು! ಅಲ್ಲಾಡಬೇಡಿ!" ಡಾಕ್ಟರ್ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಪರದೆಯ ಮೇಲೆ ಚಿತ್ರ ನಿಂತಿತು. "ಹಿಡಿದೆ! ನಾಲ್ಕರಲ್ಲಿ ಇದೇ ದೊಡ್ಡದು, ಗೋಡಂಬಿಯಷ್ಟಿದೆ!"

"ಬಂಗಡೆಗೆ ಸಾಸ್ವೆ ಹಾಕ್ದವ್ರನ್ನ ದೋಣೀಲಿ ಕೂರ್ಸಿ ನಡುನೀರಲ್ಲಿ ಬಿಟ್ಟು ಬರ್ಬೇಕು!"

"ಎಲ್ಲಿ ಬಂಗಡೆ, ಎಲ್ಲಿ ಸಾಸ್ವೆ ಮಾರಾಯ್ತಿ! ನಿನ್ನೆ ಬೇಯ್ಸಿದ್ದು ಬರೀ ಹೀರೆಕಾಯಿ. ನೀ ಬೈಯೂಕೆ ಹೊರಟ್ರೆ ಯಾವ ಗ್ರಂಥಿ ಅಡಗಿ ಕೂರ್ತದೆ ಹೇಳು!"

ಡಾಕ್ಟರ್ ಪೂರ್ಣಿಮಾ ನಗುವಿನಲ್ಲೇ ಗುಂಡಿಯೊತ್ತಿದರು. ಯಂತ್ರದಿಂದ ಚಿತ್ರದ ಕಾಗದ ಸುರುಳಿಯಾಗಿ ಹೊರಬಂತು. ಅದನ್ನು ಮೇಜಿನ ಮೇಲೆ ನೇರಮಾಡಿ, ಕೆಂಪು ಪೆನ್ನಿನಿಂದ ನಾಲ್ಕನೆಯ ಗ್ರಂಥಿಗೆ ಸುತ್ತು ಹಾಕಿದರು.