ಇಡೀ ಬಾಟಲಿ

ತಂಗಿಯ ಹೊಟ್ಟೆ ಮೂರು ದಿನದಿಂದ ಊದಿಕೊಂಡಿತ್ತು. ವಾಂತಿಯಲ್ಲಿ ಗೇಣುದ್ದದ ಜಂತುಹುಳ ಬಿದ್ದಾಗ ಅಣ್ಣನಿಗೆ ಕಾಯಿಲೆ ಯಾವುದೆಂದು ಗೊತ್ತಾಗಿಹೋಯಿತು.

ಅವನು ಪ್ಲಂಬರ್. ಕಟ್ಟಿಕೊಂಡ ಪೈಪಿಗೆ ಪುಡಿ ಸುರಿದು, ಮೇಲಿಂದ ಜೋರಾಗಿ ನೀರು ಬಿಟ್ಟರೆ ಎಂಥ ಕೊಳೆಯೂ ಕಿತ್ತುಕೊಂಡು ಹೋಗುತ್ತದೆ. ಅದೇ ಧೈರ್ಯದ ಮೇಲೆ ಜಂತುಹುಳದ ಔಷಧಿ ಒಂದಿಡೀ ಬಾಟಲಿ ಕುಡಿಸಿದ. ಅದರ ಬೆನ್ನಿಗೇ ಭೇದಿ ಮಾತ್ರೆ.

"ನುಂಗು ಪುಟ್ಟಿ, ಸಂಜೆಯೊಳಗೆ ಅಷ್ಟೂ ಹೊರಗೆ!"

ಸಂಜೆಯಾದರೂ ಗಾಳಿ ಕೂಡ ಹೊರಬರಲಿಲ್ಲ. ವಾಂತಿ ಮಾತ್ರ ಹಸಿರಾಯಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋದರೆ ಚೀಟಿ ಬರೆಯುವವನು ತಲೆಯೆತ್ತದೆ "ನಾಳೆ ಬಾ" ಅಂದ.

ಮರುದಿನ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಹುಳಗಳು ಉಂಡೆಕಟ್ಟಿ ಕರುಳನ್ನೇ ಮುಚ್ಚಿಬಿಟ್ಟಿವೆ. ಮನೇಲಿ ಏನಾದ್ರೂ ಔಷಧಿ ಕೊಟ್ರಾ?"

"ಇಲ್ಲ" ಅಂದ.

ಅಮ್ಮ ಅವನ ತೋಳು ಹಿಡಿದು ಜಗ್ಗಿದಳು. "ಹೇಳೋ, ನಿನ್ನ ಬಾಯಿಗೆ ಬೆಂಕಿ ಬೀಳ!"

"ಇಡೀ ಬಾಟ್ಲಿ ಕುಡಿಸ್ದೆ. ಭೇದಿ ಮಾತ್ರೇನೂ ಕೊಟ್ಟೆ. ನಿನ್ನೆ ಬೆಳಗ್ಗೆ."

"ಅಯ್ಯೋ, ದಾರಿ ಮುಚ್ಚಿರೋ ಕರುಳಿಗೆ ಭೇದಿ ಕೊಟ್ರೆ ಅದು ಹರಿದುಹೋಗುತ್ತೆ ಕಣಪ್ಪಾ! ಇನ್ನು ಕಾಯೋ ಹಾಗಿಲ್ಲ. ಆಪರೇಷನ್‌ಗೆ ಸಹಿ ಹಾಕು."

ಅವನು ಸಿಡಿದೆದ್ದ. "ನಿನ್ನೆ ಬಂದಿದ್ವಲ್ರೀ! ಓಡಿಸಿದೋನನ್ನ ಕೇಳೋರು ಯಾರೂ ಇಲ್ವಾ ಇಲ್ಲಿ?"

ಸ್ಟ್ರೆಚರ್ ತಳ್ಳುವ ಮುದುಕ ಹತ್ತಿರ ಬಂದ. "ಕೂಗ್ಬೇಡಪ್ಪ. ನಾನೂ ಇಪ್ಪತ್ತು ವರ್ಷದಿಂದ ಕೂಗ್ತಾನೇ ಇದೀನಿ, ಇದರ ಚಕ್ರಕ್ಕೆ ಎಣ್ಣೆ ಕೊಡಿ ಅಂತ."

ತಂಗಿ ಅವನ ಅಂಗಿಯ ಚುಂಗು ಬಿಡಲಿಲ್ಲ. "ಇವರು ಬೇಡಣ್ಣಾ. ನೀನೇ ಸರಿಮಾಡು."

ಅವನೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಮೂರು ತಾಸಿನ ಮೇಲೆ ಡಾಕ್ಟರಮ್ಮ ಹೊರಬಂದರು. ಬೇಸಿನ್ ತುಂಬ ಹುಳಗಳನ್ನು ತೆಗೆದಿದ್ದರು. ಮೊಳದುದ್ದ ಕರುಳು ಕಪ್ಪಾಗಿ ಸತ್ತಿತ್ತು. ಅದನ್ನು ಕತ್ತರಿಸಿ ಎರಡು ತುದಿಗಳನ್ನೂ ಸೇರಿಸಿ ಹೊಲಿದಿದ್ದರು.

"ಹೊಲಿಗೆ ಸೋರುತ್ತಾ?" ಅವನು ಕೇಳಿದ.

"ಸೋರಬಹುದು. ಐದು ದಿನ ಏನೂ ಹೇಳಕ್ಕಾಗಲ್ಲ."

"ನಾನೇನು ಮಾಡ್ಲಿ?"

"ಏನೂ ಮಾಡ್ಬೇಡ. ನಾವು ಹೇಳೋತನಕ ಒಂದು ತೊಟ್ಟು ನೀರೂ ಕೊಡಬೇಡ."

ಮಧ್ಯಾಹ್ನ ತಂಗಿ ಕಣ್ಣು ಬಿಟ್ಟಳು. ತುಟಿ ಒಡೆದಿತ್ತು.

"ಅಣ್ಣಾ, ನೀರು."

ಅವನು ಎರಡೂ ಕೈಗಳನ್ನು ತೊಡೆಯಡಿಗೆ ಒತ್ತಿಕೊಂಡು ಕುಳಿತ.

"ಅಣ್ಣಾ, ಒಂದೇ ಗುಟುಕು. ಅಮ್ಮಂಗೆ ಹೇಳಲ್ಲ."