ಜನವರಿಯಲ್ಲಿ ಒಣಗಿದ ಸಂಡಿಗೆ

ಚಳಿಗಾಲದಲ್ಲಿ ಬೆಳಗ್ಗೆ ಎದ್ದು ನೋಡಿದರೆ ನಿಮ್ಮ ಮನೆಯ ಕಿಟಕಿ ಗಾಜು ಒಳಗಡೆ ಒದ್ದೆಯಾಗಿರುತ್ತದೆಯೇ? ಪರದೇಶದ ಈ ಜೂಟರ್‌ಮೀರ್ ಊರಿನ ನಮ್ಮ ನೆಲಮಹಡಿಯ ಮನೆಯಲ್ಲಿ ದಿನವೂ ಹಾಗೇ ಆಗುತ್ತಿತ್ತು. ಚಹಾಕ್ಕೆ ನೀರಿಡುವ ಮೊದಲು ನಾನು ಹಳೆಯ ಟವೆಲ್ ಹಿಡಿದು ಗಾಜು ಒರೆಸಬೇಕಿತ್ತು. ಟವೆಲ್ ಹಿಂಡಿದರೆ ನೀರು ಸುರಿಯುತ್ತಿತ್ತು. ಹೊರಗಿನ ಮಳೆಯೇ ಹೇಗೋ ಒಳಗೆ ಜಿನುಗುತ್ತಿದೆ ಎಂದು ನನ್ನ ಗಂಡ ಬಸವ ತೀರ್ಪು ಕೊಟ್ಟುಬಿಟ್ಟಿದ್ದರು. ಎಂಜಿನಿಯರ್ ಸಾಹೇಬರು ಹೇಳಿದ ಮೇಲೆ ಮುಗಿಯಿತಲ್ಲ, ಅವರು ಲ್ಯಾಪ್‌ಟಾಪ್ ಮುಂದೆ ಕೂತರು, ನಾನು ಒರೆಸುತ್ತಲೇ ಇದ್ದೆ.

ಅದು ಕೊರೊನಾದ ಮೊದಲ ಚಳಿಗಾಲ. ಆಫೀಸು, ಅಡುಗೆ, ಸ್ನಾನ, ಬಟ್ಟೆ ಒಣಗಿಸುವುದು ಎಲ್ಲವೂ ಆ ಪುಟ್ಟ ಮನೆಯೊಳಗೇ. ಜೊತೆಗೆ ನನ್ನ ಅತ್ತೆ ಮಹಾದೇವಕ್ಕ. ಮುಧೋಳದಿಂದ ಮಗನನ್ನು ನೋಡಿ ಹೋಗಲು ಬಂದವರು ವಿಮಾನ ನಿಂತಿದ್ದರಿಂದ ಇಲ್ಲೇ ಉಳಿದಿದ್ದರು. ಮಾರ್ಚ್‌ಗೆ ಅಂತೂ ಇಂತೂ ಟಿಕೆಟ್ ಸಿಕ್ಕಿತ್ತು. ಯುಗಾದಿಯ ಬೇವು ಬೆಲ್ಲ ತಮ್ಮ ಓಣಿಯಲ್ಲೇ ತಿನ್ನುತ್ತೇನೆ ಎಂದು ಅವರು ಫೋನಿನಲ್ಲಿ ಎಲ್ಲರಿಗೂ ಹೇಳಿ ಆಗಿತ್ತು.

ಅತ್ತೆಗೆ ಥಂಡಿ ಗಾಳಿ ಎಂದರೆ ಆಗದು. ಇಲ್ಲಿನ ಕಿಟಕಿಗಳ ಮೇಲಂಚಿನಲ್ಲಿ ಗಾಳಿಯಾಡಲು ಸಣ್ಣ ಕಂಡಿಗಳ ಒಂದು ಪಟ್ಟಿ ಇರುತ್ತದೆ, ಅದಕ್ಕೆ ರೋಸ್ಟರ್ ಎನ್ನುತ್ತಾರೆ. ಅತ್ತೆ ಸ್ಟೂಲು ಹತ್ತಿ ಅದರೊಳಗೆ ಹಳೆ ಇಳಕಲ್ ಸೀರೆಯ ಚೂರುಗಳನ್ನು ತುರುಕಿದರು. ಮಗರಾಯರು ಅದರ ಮೇಲೆ ಅಗಲವಾದ ಟೇಪು ಅಂಟಿಸಿದರು. ಶಾಖ ಉಳಿಯಿತು ಎಂದು ಮಗನಿಗೆ ಹೆಮ್ಮೆ, ಗಾಳಿ ನಿಂತಿತು ಎಂದು ಅತ್ತೆಗೆ ನೆಮ್ಮದಿ. ತಾಯಿ ಮಗ ಇಬ್ಬರೂ ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ಮದುವೆಯಾದ ಮೇಲೆ ನೋಡಿದ್ದು ಅದೇ ಮೊದಲು.

ಡಿಸೆಂಬರ್ ಕೊನೆಗೆ ಅತ್ತೆಗೆ ಕೆಮ್ಮು ಶುರುವಾಯಿತು. ಕೊರೊನಾ ಟೆಸ್ಟ್ ಮಾಡಿಸಿದೆವು, ಇಲ್ಲ ಎಂದು ಬಂತು. ಆದರೂ ಭಯ ಬಿಡಬೇಕಲ್ಲ. ಹಿಂದಿನ ಕೋಣೆಯಲ್ಲಿ ಅವರ ಮಂಚ ಹಾಕಿ, ಬಾಗಿಲು ಮುಚ್ಚಿ, ಊಟದ ತಟ್ಟೆಯನ್ನು ಹೊಸ್ತಿಲಲ್ಲಿ ಇಡತೊಡಗಿದೆವು. ಅಲ್ಲಿ ಕೆಮ್ಮು ಇನ್ನೂ ಹೆಚ್ಚಿತು. ಉಸಿರೆಳೆದರೆ ಸುಂಯ್ ಎನ್ನುವ ಸದ್ದು. ಮತ್ತೆ ಟೆಸ್ಟ್, ಮತ್ತೆ ಇಲ್ಲ. ಡಾಕ್ಟರು ಎದೆ ಪರೀಕ್ಷಿಸಿ, ಬಾಯಿಯಿಂದ ಎಳೆದುಕೊಳ್ಳುವ ಔಷಧ ಬರೆದುಕೊಟ್ಟು, ಮನೆಯಲ್ಲಿ ತೇವ ಇದೆಯೇ ಎಂದು ಕೇಳಿದರು. ಬಸವ ಎದೆ ತಟ್ಟಿಕೊಂಡು ಇಲ್ಲ ಎಂದರು.

ಕೋಣೆಯೊಳಗೆ ಹೊತ್ತು ಹೋಗದೆ ಅತ್ತೆ ಸಂಡಿಗೆ ಇಡುತ್ತೇನೆ ಎಂದರು. ನಮ್ಮ ಕಡೆ ಸಂಡಿಗೆ ಇಡುವುದು ಬೇಸಿಗೆಯಲ್ಲಿ, ಮಾಳಿಗೆಯ ಮೇಲೆ. ಬಿಸಿಲಿಲ್ಲದಿದ್ದರೇನು, ರೇಡಿಯೇಟರ್ ಕಾಯುತ್ತದಲ್ಲ ಎಂಬುದು ಅವರ ಲೆಕ್ಕ. ನಾನು ಅಕ್ಕಿ ಹಿಟ್ಟಿನ ಅಂಬಲಿ ಕಾಸಿ ಕೊಟ್ಟೆ, ಅವರು ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಚಮಚೆಯಲ್ಲಿ ಇಟ್ಟರು. ವಾರವಾದರೂ ಒಣಗಲಿಲ್ಲ. ಲೋಳೆಯಾಗಿ, ಮೇಲೆ ಕಪ್ಪು ಚುಕ್ಕಿ ಎದ್ದವು. ಅತ್ತೆ ಅವನ್ನು ನೋಡುತ್ತ ಮಂಚದ ಮೇಲೆ ಕೂತುಬಿಟ್ಟರು.

"ನನ್ನ ಕೈಯಾಗ ಸಂಡಿಗಿ ಎಂದೂ ಕೆಟ್ಟಿಲ್ಲವಾ ಅಮೂಲ್ಯಾ. ಇನ್ನ ನಾ ಊರು ಕಾಣೂದಿಲ್ಲ ಬಿಡು. ಇಷ್ಟು ಕೆಮ್ಮಿದ್ರ ಇಮಾನದಾಗ ಯಾರು ಹತ್ತಿಸ್ಕೊಂತಾರ?"

ಅಂದೇ ಗೆಳತಿ ನೀಲಾಂಬಿಕಾಗೆ ಫೋನ್ ಮಾಡಿದೆ. ತುಮಕೂರಿನವಳು, ಇಲ್ಲಿಗೆ ಹತ್ತಿರದ ಲೈಡನ್ ಊರಿನಲ್ಲಿ ಗಾಳಿ ಮತ್ತು ಪರಿಸರದ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಭಾನುವಾರ ರೈಲು ಹಿಡಿದು ಬಂದಳು, ಆದರೆ ಒಳಗೆ ಬರಲು ಒಪ್ಪಲಿಲ್ಲ. ಮಾಸ್ಕ್ ಹಾಕಿಕೊಂಡು ಹಿತ್ತಲಿಗೆ ಬಂದು ಅತ್ತೆಯ ಕೋಣೆಯ ಕಿಟಕಿಯ ಹೊರಗೆ ನಿಂತಳು. ಮಾತಾಡಬೇಕೆಂದರೆ ಕಿಟಕಿ ತೆಗೆಯಲೇಬೇಕು. ಅತ್ತೆ ಕೌದಿ ಹೊದ್ದು, ಬೈಯುತ್ತಲೇ ಚಿಲಕ ತೆಗೆದರು. ನಾನು ಕೋಣೆಯ ಬಾಗಿಲನ್ನೂ ಅಡುಗೆಮನೆಯ ಕಿಟಕಿಯನ್ನೂ ತೆಗೆದಿಟ್ಟೆ.

ಊರು, ಕೇರಿ, ಬಂಧು ಬಳಗ ಎಲ್ಲ ವಿಚಾರಿಸಿ ಆಯಿತು. ಅಷ್ಟರಲ್ಲಿ ನೀಲಾಂಬಿಕಾ ಪಕ್ಕದ ಗಾಜು ನೋಡಿರಿ ಎಂದಳು. ನಾನು ಬೆಳಗಿನಿಂದ ಒರೆಸಿದರೂ ಮಬ್ಬಾಗಿದ್ದ ಗಾಜು ತಾನಾಗಿಯೇ ತಿಳಿಯಾಗಿತ್ತು. ಮಂಚವನ್ನು ಸ್ವಲ್ಪ ಸರಿಸು ಎಂದಳು. ಸರಿಸಿದೆ. ತಲೆದಿಂಬಿನ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು. ಸಂಡಿಗೆಯ ಮೇಲಿದ್ದ ಅದೇ ಚುಕ್ಕಿಗಳು. ಕೆಮ್ಮುವ ಜೀವವನ್ನು ಕಾಪಾಡುತ್ತೇವೆ ಎಂದುಕೊಂಡು ನಾವು ಮನೆಯಲ್ಲೇ ಅತಿ ಕೆಟ್ಟ ಮೂಲೆಗೆ ದೂಡಿದ್ದೆವು. ನನಗೆ ನಿಂತಲ್ಲೇ ಅಳು ಬಂತು.

ನೀಲಾಂಬಿಕಾ ನನಗೆ ಅಳಲು ಬಿಡಲಿಲ್ಲ. ಚೊಂಬಿನ ತುಂಬ ಫ್ರಿಜ್ಜಿನ ನೀರು ತಂದು, ಒಲೆಯ ಮೇಲೆ ಬೇಳೆ ಕುದಿಯುವ ಕಡೆ ಇಡು ಎಂದಳು. ಇಟ್ಟ ಸ್ವಲ್ಪ ಹೊತ್ತಿಗೆ ಚೊಂಬಿನ ಮೈಯೆಲ್ಲ ಹನಿ. ಅದನ್ನು ಅತ್ತೆಯ ಕೈಗೆ ಕೊಡಿಸಿ, ಚೊಂಬು ಸೋರುತ್ತಿದೆಯಾ ಎಂದು ಕೇಳಿದಳು. ಅತ್ತೆ ತಿರುಗಿಸಿ ನೋಡಿ, ತವರಿನವರು ಕೊಟ್ಟ ಚೊಂಬು ಸೋರುವ ಮಾತೇ ಇಲ್ಲ ಎಂದರು.

"ಹಾಗಾದ್ರೆ ಈ ನೀರು ಗಾಳಿಯಿಂದ ಬಂದಿದ್ದು ಅಮ್ಮ. ಅನ್ನ ಕುದ್ದ ಹಬೆ, ಸ್ನಾನದ ಹಬೆ, ಒದ್ದೆ ಬಟ್ಟೆ, ನಾವು ಬಿಡೋ ಉಸಿರು ಎಲ್ಲದ್ರಲ್ಲೂ ನೀರಿದೆ. ಬೆಚ್ಚಗಿನ ಗಾಳಿ ಅದನ್ನ ಕಣ್ಣಿಗೆ ಕಾಣದ ಹಾಗೆ ಹೊತ್ಕೊಂಡಿರತ್ತೆ. ತಣ್ಣಗಿನ ಗಾಜೋ ಗೋಡೆನೋ ತಾಗಿದ್ರೆ ಹೊರೋಕಾಗದೆ ಕೆಳಗಿಳಿಸತ್ತೆ. ಆ ತೇವದಲ್ಲಿ ಬೂಷ್ಟು ಬೆಳೆಯತ್ತೆ, ಅದು ಎದೆಗೆ ಒಳ್ಳೇದಲ್ಲ. ಮನೇಲಿ ಯಾರಿಗಾದ್ರೂ ಕೊರೊನಾ ಇದ್ರೆ ಅವರ ಉಸಿರೂ ಹೀಗೇ ಒಳಗೇ ನಿಲ್ಲತ್ತೆ."

ಇಷ್ಟು ಹೊತ್ತು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಬಸವ ಆಗ ಬಾಯಿಬಿಟ್ಟರು. ಹೊರಗೆ ಮಂಜು, ಜಿಟಿಜಿಟಿ ಮಳೆ, ಕಿಟಕಿ ತೆಗೆದರೆ ಇನ್ನಷ್ಟು ತೇವ ಬರುವುದಿಲ್ಲವೇ ಎಂದು ಅವರ ವಾದ. ಅದು ಒಳ್ಳೆಯ ಪ್ರಶ್ನೆ ಎಂದು ನೀಲಾಂಬಿಕಾ ಒಪ್ಪಿಕೊಂಡಳು. ತಣ್ಣಗಿನ ಗಾಳಿ ಪೂರ್ತಿ ಒದ್ದೆಯಾಗಿದ್ದರೂ ಅದು ಹೊತ್ತಿರುವ ನೀರು ತೀರಾ ಕಡಿಮೆ, ಒಳಗೆ ಬಂದು ಬೆಚ್ಚಗಾದರೆ ಅದೇ ಒಣಗಾಳಿಯಾಗುತ್ತದೆ, ಮನೆಯ ತೇವವನ್ನು ಹೀರಿಕೊಂಡು ಹೊರಗೆ ಹೋಗುತ್ತದೆ ಎಂದು ಬಿಡಿಸಿ ಹೇಳಿದಳು. ಶಾಖದ ಚಿಂತೆಗೂ ಅವಳಲ್ಲಿ ಉತ್ತರವಿತ್ತು. ಮನೆಯ ಶಾಖ ಹೆಚ್ಚಾಗಿ ಕೂತಿರುವುದು ಗೋಡೆ, ನೆಲ, ಮಂಚ, ಕಪಾಟುಗಳಲ್ಲಿ. ಎದುರುಬದುರು ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆಗೆದು ಮುಚ್ಚಿದರೆ ಗಾಳಿ ಬದಲಾಗುತ್ತದೆ, ಗೋಡೆ ತಣ್ಣಗಾಗುವುದಿಲ್ಲ. ಆ ಹೊತ್ತಿಗೆ ಹೀಟರ್ ತಗ್ಗಿಸಿದರೆ ಸಾಕು. ರೋಸ್ಟರ್ ಮಾತ್ರ ಯಾವಾಗಲೂ ತೆರೆದಿರಬೇಕು.

ಬಸವ ತಲೆ ಅಲ್ಲಾಡಿಸಿದರು, ಒಪ್ಪಲಿಲ್ಲ. ಅತ್ತೆ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಅದರ ಹನಿಗಳನ್ನು ಸೆರಗಿನಿಂದ ಒರೆಸಿದರು. ಆಮೇಲೆ ನಿಧಾನವಾಗಿ ಹೇಳಿದರು.

"ಮಳಿಗಾಲದಾಗ ಎಷ್ಟ ಸೆಕಿ ಇದ್ರೂ ಸಂಡಿಗಿ ಒಣಗೂದಿಲ್ಲ. ಬರೇ ಕಾವು ಇದ್ರ ಸಾಲಂಗಿಲ್ಲ, ಒಣಾ ಗಾಳಿ ಆಡಬೇಕು. ಈ ಹುಡುಗಿ ಹೇಳೂದು ಅದನ್ನ. ಖರೆ ಇದ್ರ ಸಂಡಿಗಿ ಒಣಗಿಸಿ ತೋರಸ್ಲಿ, ನಂಬತೀನಿ."

ಪಂದ್ಯ ಶುರುವಾಯಿತು. ಅತ್ತೆಯ ಮಂಚ ಮುಂದಿನ ಕೋಣೆಗೆ ಬಂತು. ಅಲ್ಲಿನ ಟೇಪು ಕಿತ್ತೆ, ಸೀರೆ ಚೂರು ಎಳೆದು ಹಾಕಿದೆ. ಬೆಳಗ್ಗೆ ಸಂಜೆ ಕಿಟಕಿ ತೆಗೆಯುವಾಗ ಅತ್ತೆ ಸ್ವೆಟರು, ಶಾಲು, ಕುಲಾಯಿ ಎಲ್ಲ ಏರಿಸಿ ಕೂರುತ್ತಿದ್ದರು. ಅಡುಗೆ ಮಾಡುವಾಗ ಪಾತ್ರೆಗೆ ಮುಚ್ಚಳ, ಅಡುಗೆಮನೆಗೆ ಬಾಗಿಲು, ಒಲೆಯ ಮೇಲಿನ ಫ್ಯಾನು ಚಾಲೂ. ಹಿಂದಿನ ಕೋಣೆ ಬಸವನ ಪಾಲಿಗೆ. ಅವರ ಟೇಪು ಅಲ್ಲೇ ಇತ್ತು, ಬಟ್ಟೆ ಒಣಹಾಕುವ ಸ್ಟ್ಯಾಂಡೂ ಅಲ್ಲೇ. ಒಂದೇ ಪಾತ್ರೆಯ ಅಂಬಲಿಯಿಂದ ಎರಡೂ ಕೋಣೆಯಲ್ಲಿ ಸಂಡಿಗೆ ಇಟ್ಟೆವು, ಎರಡೂ ಕಡೆ ರೇಡಿಯೇಟರ್ ಒಂದೇ ಸಮ. ಅತ್ತೆಯ ಔಷಧ ಡಾಕ್ಟರು ಹೇಳಿದ ಹಾಗೇ ನಡೆದಿತ್ತು.

ಮೊದಲು ಬದಲಾದದ್ದು ಗಾಜು. ಮುಂದಿನ ಕೋಣೆಯಲ್ಲಿ ನನಗೆ ಒರೆಸುವ ಕೆಲಸ ತಪ್ಪಿತು. ಆಮೇಲೆ ಅತ್ತೆಯ ನಿದ್ದೆ. ಕೆಮ್ಮಿ ಕೆಮ್ಮಿ ಎದ್ದು ಕೂರುತ್ತಿದ್ದವರು ಗೊರಕೆ ಹೊಡೆಯತೊಡಗಿದರು. ವಾರ ಮುಗಿಯುವ ಮೊದಲೇ ಅತ್ತೆ ನಮ್ಮಿಬ್ಬರನ್ನೂ ಕರೆದು, ಹಾಳೆಯಿಂದ ಒಂದು ಸಂಡಿಗೆ ಎಬ್ಬಿಸಿ, ಬಸವನ ಕಿವಿಯ ಹತ್ತಿರ ಹಿಡಿದು ಮುರಿದರು. ಟಕ್ ಎಂದಿತು. ಹೊರಗೆ ಆಗಲೂ ಮಳೆ ಬೀಳುತ್ತಿತ್ತು.

"ಕೇಳಿದೇನೋ ಬಸು? ಹೋಗು, ನಿನ್ನ ಸಂಡಿಗಿ ತಗೊಂಡು ಬಾ, ಅದನ್ನೂ ಮುರದು ನೋಡೂಣು."

ಬಸವ ಹಿಂದಿನ ಕೋಣೆಗೆ ಹೋಗಿ ಬರಿಗೈಯಲ್ಲಿ ಬಂದರು. ತರುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ, ಎಲ್ಲ ಲೋಳೆ. ಸ್ಟೂಲು ಎಳೆದುಕೊಂಡು ಹೋಗಿ ಟೇಪನ್ನು ಪರಪರ ಕಿತ್ತರು. ಮಾಸ್ಕು, ಕೈಗವಸು ಹಾಕಿಕೊಂಡು ಸೋಪಿನ ನೀರಲ್ಲಿ ಗೋಡೆ ತೊಳೆದದ್ದೂ ಅವರೇ. ನಾನು ನಗು ತಡೆದುಕೊಂಡೆ, ಅತ್ತೆ ತಡೆದುಕೊಳ್ಳಲಿಲ್ಲ. ಎಷ್ಟು ನಕ್ಕರೂ ಅವರಿಗೆ ಕೆಮ್ಮು ಬರಲಿಲ್ಲ. ಅದನ್ನು ನಾವು ಮೂವರೂ ಒಟ್ಟಿಗೇ ಗಮನಿಸಿದೆವು. ಆ ಸಂತೋಷವನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಫೆಬ್ರವರಿಯಲ್ಲಿ ಡಾಕ್ಟರು ಎದೆ ಪರೀಕ್ಷಿಸಿ ಪ್ರಯಾಣ ಮಾಡಬಹುದು ಎಂದರು. ಹೊರಡುವ ಹಿಂದಿನ ದಿನ ಅತ್ತೆ ಸಂಡಿಗೆ ಕರಿದರು. ಎಣ್ಣೆಗೆ ಬಿದ್ದದ್ದೇ ಬಿಳಿಯಾಗಿ ಅರಳಿದವು. ನೀಲಾಂಬಿಕಾಗೆಂದು ಒಂದು ಡಬ್ಬಿ ತುಂಬಿ, ತಾವೇ ಹಿತ್ತಲ ಕಿಟಕಿಯಿಂದ ಅವಳ ಕೈಗೆ ಕೊಟ್ಟರು.

ಅತ್ತೆ ಯುಗಾದಿಯ ಬೇವು ಬೆಲ್ಲ ತಮ್ಮ ಓಣಿಯಲ್ಲೇ ತಿಂದರು. ಈಗ ಚಳಿಗಾಲ ಬಂದರೆ ಮುಧೋಳದಿಂದ ಬೆಳಗ್ಗೆಯೇ ಫೋನ್ ಬರುತ್ತದೆ. ಚಹಾ ಆಯಿತೇ ಎಂದು ಕೇಳುವುದಿಲ್ಲ, ಕಿಟಕಿ ತೆಗೆದಿರಾ ಎಂದು ಕೇಳುತ್ತಾರೆ. ಎತ್ತಿಕೊಳ್ಳುವುದು ಹೆಚ್ಚಾಗಿ ಬಸವ, ತೆಗೆದೇನವ್ವ ಎಂದು ಸ್ಕೂಲು ಹುಡುಗನ ಹಾಗೆ ಉತ್ತರ ಕೊಡುತ್ತಾರೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಕೆಮ್ಮಿದ್ದರೆ ಮೊದಲು ಟೆಸ್ಟ್ ಮಾಡಿಸಿ, ಡಾಕ್ಟರ ಮಾತು ಕೇಳಿ. ಹಾಗೆಯೇ ಮಂಚದ ಹಿಂದಿನ ಗೋಡೆಯನ್ನೂ ಒಮ್ಮೆ ನೋಡಿ. ರೋಸ್ಟರಿಗೆ ಬಟ್ಟೆ ತುರುಕಿದ್ದರೆ ಇವತ್ತೇ ಎಳೆದು ಹಾಕಿ. ಚಳಿಗೆ ಸ್ವೆಟರು ಇದೆ, ಶಾಲು ಇದೆ. ಉಸಿರಿಗೆ ಗಾಳಿಯೇ ಬೇಕು. ಇದನ್ನು ಓದಿ ಮುಗಿಸಿದವರು ಎದ್ದು ಹೋಗಿ ಒಂದು ಕಿಟಕಿ ತೆಗೆಯಿರಿ, ಹತ್ತು ನಿಮಿಷ ಬಿಟ್ಟು ಮುಚ್ಚಿ. ಕೇಳಲು ಮಹಾದೇವಕ್ಕನ ಫೋನ್ ನಿಮಗೆ ಬರುವುದಿಲ್ಲ, ಅದಕ್ಕೇ ಅವರ ಪರವಾಗಿ ನಾನು ಕೇಳುತ್ತಿದ್ದೇನೆ: ಕಿಟಕಿ ತೆಗೆದಿರಾ?